ಶಿಕಾರಿಪುರದ ಬಿಸ್ಕತ್ತು, ಸೊರಬದ ಅನಾನಸು



ಈ ಸಂಜೆ ನಾನು ತಮ್ಮ ಮುಂದೆ ಇಡಲಿರುವ ವಿಷಯ ಘನವಾದುದಲ್ಲ. ವೇದಾಂತವೂ ಅಲ್ಲ, ರಾಜಕಾರಣವೂ ಅಲ್ಲ. ಬಿಸ್ಕತ್ತು, ಕೇಕು, ಐಸ್‌ಕ್ರೀಮು. ಬಾಯಲ್ಲಿಟ್ಟರೆ ಅರೆಗಳಿಗೆಯಲ್ಲಿ ಕರಗಿಹೋಗುವ ಪದಾರ್ಥಗಳ ಮೇಲೆ ಕಾಲುಗಂಟೆಯ ಭಾಷಣವೇ ಎಂದು ತಾವು ನಕ್ಕರೆ ನಾನು ಮುನಿಯುವುದಿಲ್ಲ. ಆದರೆ ಮನುಷ್ಯನು ದಿನವೂ ತಿನ್ನುವ ವಸ್ತುವಿನ ವಿಚಾರ ದಿನವೂ ಯೋಚಿಸತಕ್ಕದ್ದೇ ಎಂಬುದು ನನ್ನ ನಂಬಿಕೆ. ಅದೂ ಅಲ್ಲದೆ, ಈ ತಿಂಡಿಗಳ ಹಿಂದೆ ನನ್ನ ಸ್ನೇಹಿತನೊಬ್ಬನ ಹೊಲದ ಸುಖದುಃಖವೂ ಸೇರಿಕೊಂಡಿದೆ. ಅದನ್ನು ಕೊನೆಗೆ ಬಿನ್ನವಿಸುತ್ತೇನೆ.

ಕಳೆದ ಬೇಸಗೆಯಲ್ಲಿ ನಾನು ಸೊರಬಕ್ಕೆ ಹೋಗಬೇಕಾಯಿತು. ಅಲ್ಲಿಗೆ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಬಾಲ್ಯಸ್ನೇಹಿತನ ಮನೆ. ಅವನ ಮೊಮ್ಮಗಳ ಹುಟ್ಟಿದ ಹಬ್ಬ. ಶಿವಮೊಗ್ಗದಿಂದ ಹೊರಟವನು ದಾರಿಯಲ್ಲಿ ಶಿಕಾರಿಪುರದಲ್ಲಿ ಇಳಿದೆ. ಅದು ನಾನು ಹುಟ್ಟಿ ಬೆಳೆದ ಊರು. ಹುಚ್ಚರಾಯಸ್ವಾಮಿಯ ದರ್ಶನ ಮಾಡಿ, ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದು, ಪೇಟೆಗೆ ಬಂದರೆ ಬೆಣ್ಣೆ ಬಿಸ್ಕತ್ತಿನ ಪರಿಮಳ ಬೀದಿಯ ತುಂಬ ಹರಡಿತ್ತು. ಬರಿಗೈಯಲ್ಲಿ ಮಗುವಿನ ಮನೆಗೆ ಹೋಗಬಾರದಷ್ಟೆ. ಆ ಪರಿಮಳದ ಜಾಡು ಹಿಡಿದು ಒಂದು ಬೇಕರಿಯನ್ನು ಹೊಕ್ಕೆ.

ಬೇಕರಿಯ ಯಜಮಾನರು ಹಾಸನದ ಕಡೆಯವರು. ಮೂವತ್ತು ವರ್ಷಗಳಿಂದ ಈ ಊರಿನಲ್ಲಿದ್ದಾರೆ. ನನ್ನ ಕುತೂಹಲವನ್ನು ನೋಡಿ ಹಿಂಬದಿಯ ಒಲೆಮನೆಗೇ ಕರೆದುಕೊಂಡು ಹೋದರು. ಸೌದೆಯ ಗೂಡೊಲೆ. ಸಂಜೆ ಬೆಂಕಿ ಹಾಕಿ, ಇಟ್ಟಿಗೆಗಳೆಲ್ಲ ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಗೋರಿ ತೆಗೆದು, ಒದ್ದೆ ಬಟ್ಟೆಯಿಂದ ನೆಲವನ್ನು ಒರಸುತ್ತಾರೆ. ಆಮೇಲೆ ಬೆಂಕಿಯ ಕೆಲಸವಿಲ್ಲ. ಇಟ್ಟಿಗೆ ಕುಡಿದಿಟ್ಟುಕೊಂಡ ಕಾವೇ ಅಡುಗೆ ಮಾಡುತ್ತದೆ. ಕಾವು ಪ್ರಬಲವಾಗಿರುವಾಗ ಬ್ರೆಡ್ಡು ಮತ್ತು ಬನ್ನು; ಸ್ವಲ್ಪ ತಗ್ಗಿದ ಮೇಲೆ ಕೇಕು; ಇನ್ನೂ ತಗ್ಗಿದ ಮೇಲೆ ಬಿಸ್ಕತ್ತು; ಕಟ್ಟಕಡೆಗೆ, ಕೈ ಚಾಚಿದರೆ ಸಹಿಸಬಹುದಾದಷ್ಟು ಬಿಸಿ ಉಳಿದಾಗ, ಹಿಂದಿನ ದಿನದ ಬ್ರೆಡ್ಡನ್ನು ಹೋಳು ಮಾಡಿ ಒಣಗಲು ಇಡುತ್ತಾರೆ. ಅದೇ ರಸ್ಕು. ಒಂದು ಬೆಂಕಿಗೆ ನಾಲ್ಕು ಬಗೆಯ ತಿಂಡಿ. ಕಾವಿನ ಒಂದು ಕಣವೂ ವ್ಯರ್ಥವಲ್ಲ. ನಮ್ಮ ಹೆಂಗಸರು ಅನ್ನ ಇಳಿಸಿದ ಒಲೆಯ ಬೂದಿಯಲ್ಲಿ ಗೆಣಸು ಸುಡುತ್ತಿದ್ದ ಜಾಣತನವೇ ಇದು.

‘ಬಿಸ್ಕತ್ತು’ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯ ಮೂಲದಲ್ಲಿ ‘ಎರಡು ಸಲ ಬೇಯಿಸಿದ್ದು’ ಎಂದರ್ಥ. ಹಡಗಿನವರೂ ಸೈನಿಕರೂ ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳಲು ರೊಟ್ಟಿಯನ್ನು ಹಾಗೆ ಎರಡನೆಯ ಸಲ ಒಣಗಿಸುತ್ತಿದ್ದರು. ಆ ಅರ್ಥದಲ್ಲಿ ನೋಡಿದರೆ ನಿಜವಾದ ಬಿಸ್ಕತ್ತು ರಸ್ಕೇ ಹೊರತು ನಾವು ಬಿಸ್ಕತ್ತು ಎನ್ನುವುದಲ್ಲ. ಈಗಿನ ಮಕ್ಕಳ ಬಾಯಲ್ಲಿ ಓಡಾಡುವ ‘ಕುಕೀಸ್’ ಎಂಬ ಮಾತು ಡಚ್ಚರದು. ಚಿಕ್ಕ ಕೇಕು ಎಂದು ಅದರ ಅರ್ಥ. ಅದೇ ಡಚ್ಚರು ಸೂರತ್ತಿನಲ್ಲಿ ಬಿಟ್ಟುಹೋದ ಒಲೆಯಿಂದ ಪಾರಸಿಗಳ ಕೈಗೆ ಬಂದು ನಾನ್‌ಖಟಾಯಿ ಹುಟ್ಟಿತೆಂದು ಹೇಳುತ್ತಾರೆ. ನಮ್ಮ ನೆರೆಯ ಮಲೆಯಾಳ ಸೀಮೆಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ೧೮೮೦ರಲ್ಲಿ ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದು, ೧೮೮೩ರಲ್ಲಿ ಕ್ರಿಸ್‌ಮಸ್ ಕೇಕನ್ನು ಮಾಡಿಕೊಟ್ಟರು. ನಮ್ಮಲ್ಲಿ, ಹಾಸನದ ಕಡೆಯ ತಿರುಮಲಾಚಾರ್ ಎಂಬವರು ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ಆರಂಭಿಸಿದರೆಂದೂ, ದಂಡಿನ ಇಂಗ್ಲಿಷರ ಒಲೆಯ ವಿದ್ಯೆಯನ್ನು ಮೊಟ್ಟೆಯಿಲ್ಲದ ಪಾಕಕ್ಕೆ ಒಗ್ಗಿಸಿಕೊಂಡರೆಂದೂ ಪ್ರತೀತಿ. ಅಂದಿನಿಂದ ಹಾಸನದ ಹಳ್ಳಿಗಳ ಅಯ್ಯಂಗಾರ್ಯರು ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂಬಂತೆ ಹೊರಟು, ಕನ್ನಡನಾಡಿನ ತಾಲ್ಲೂಕು ತಾಲ್ಲೂಕಿಗೂ ಒಂದೊಂದು ಒಲೆಯನ್ನು ಹಂಚಿಬಿಟ್ಟರು. ‘ಅಯ್ಯಂಗಾರ್ ಬೇಕರಿ’ ಎಂಬ ಹಲಗೆಯಿಲ್ಲದ ಪೇಟೆಯನ್ನು ಈಗ ಹುಡುಕಬೇಕು.

ಇದು ಸಾಮಾನ್ಯ ಕಾರ್ಯವಲ್ಲ. ನನ್ನ ಅಜ್ಜಿಯ ಕಾಲವನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ನಾನು ಚಿಕ್ಕವನಾಗಿದ್ದಾಗ, ಅಂದರೆ ೧೯೬೦ರ ಈಚಿನ ಮಾತು, ನಮ್ಮ ಮನೆಗೆ ಬ್ರೆಡ್ಡು ಬರುತ್ತಿದ್ದುದು ಜ್ವರದ ಜೊತೆಯಲ್ಲಿ ಮಾತ್ರ. ವೈದ್ಯರು ‘ಹಾಲು ಬ್ರೆಡ್ಡು ಕೊಡಿ’ ಎಂದರೆ ಅಪ್ಪ ಶಿವಮೊಗ್ಗದ ಬಸ್ಸಿನಲ್ಲಿ ಅದನ್ನು ತರಿಸುತ್ತಿದ್ದರು. ಅಜ್ಜಿ ಅದನ್ನು ಅಡುಗೆಮನೆಯ ಹೊಸಿಲು ದಾಟಗೊಡುತ್ತಿರಲಿಲ್ಲ. ‘ಯಾರು ನಾದಿದರೋ, ಏನು ಹುಳಿ ಹಾಕಿದರೋ’ ಎಂದು ಅವಳ ಶಂಕೆ. ರೋಗಿಗೆ ಔಷಧವೆಂದು ಒಪ್ಪಿಕೊಂಡಿದ್ದಳೇ ಹೊರತು ಆಹಾರವೆಂದು ಅಲ್ಲ. ನಮಗೋ ಅದರ ರುಚಿ ಎಷ್ಟು ಹಿಡಿದಿತ್ತೆಂದರೆ, ಜ್ವರ ಬಿಟ್ಟ ಮೇಲೂ ಹಣೆಯನ್ನು ಬಿಸಿಲಿಗೆ ಒಡ್ಡಿ ಕಾಯಿಸಿಕೊಂಡು ಬಂದು ಮಲಗುತ್ತಿದ್ದೆವು. ಆ ಅಜ್ಜಿಯೇ ಮುಂದೆ, ಊರಿನಲ್ಲಿ ಬೇಕರಿ ಬಂದ ಎಷ್ಟೋ ವರ್ಷದ ಮೇಲೆ, ಹಲ್ಲೆಲ್ಲ ಬಿದ್ದುಹೋದ ಕಾಲಕ್ಕೆ, ಕಾಫಿಯಲ್ಲಿ ಅದ್ದಿದ ರಸ್ಕೊಂದನ್ನೇ ನೆಚ್ಚಿಕೊಂಡಿದ್ದಳು. ಒಂದು ಹಲಗೆಯ ಮೇಲಿನ ಹೆಸರು ಅವಳ ಶಂಕೆಯನ್ನು ಕಳೆಯಿತು. ಹೆಸರನ್ನು ನೋಡಿ ಅನ್ನವನ್ನು ನಂಬುವ, ಅಥವಾ ನಂಬದಿರುವ, ನಮ್ಮ ಪದ್ಧತಿ ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ. ತಪ್ಪೆಂದೇ ನನ್ನ ಅಭಿಪ್ರಾಯ.

ಶಿಕಾರಿಪುರದಲ್ಲಿ ನಾನು ತಿಂದದ್ದನ್ನು ಹೇಳುತ್ತೇನೆ. ಬೆಣ್ಣೆ ಬಿಸ್ಕತ್ತು: ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು, ಬಾಯಲ್ಲಿ ಅಂಟಬಾರದು, ಇದು ಹಾಗೆಯೇ ಇತ್ತು. ಖಾರದ ಬಿಸ್ಕತ್ತು: ಹಸಿಮೆಣಸು, ಕರಿಬೇವು, ಜೀರಿಗೆ, ಇಂಗ್ಲಿಷರ ಒಲೆಯಲ್ಲಿ ನಮ್ಮ ಒಗ್ಗರಣೆ. ದಿಲ್‌ಪಸಂದು: ಎರಡು ಹಾಳೆಗಳ ನಡುವೆ ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ, ನಮ್ಮ ಕಾಯಿಹೋಳಿಗೆ ಕೋಟು ತೊಟ್ಟು ಬಂದಂತೆ. ಇವುಗಳಲ್ಲಿ ನನಗೆ ಹಿಡಿಸಿದ್ದು ಖಾರದ ಬಿಸ್ಕತ್ತು. ಅದಕ್ಕೆ ಹಾಕುವ ಸೊಪ್ಪು, ಮೆಣಸು ಎಲ್ಲವೂ ಬೆಳಗಿನ ಸಂತೆಯಲ್ಲಿ ಕೊಂಡವು. ಈ ಮಾತನ್ನು ತಾವು ನೆನಪಿಡಬೇಕೆಂದು ಬೇಡುತ್ತೇನೆ.

ಅಲ್ಲಿಂದ ಮಧ್ಯಾಹ್ನದ ಬಸ್ಸಿನಲ್ಲಿ ಶಿರಾಳಕೊಪ್ಪದ ಮಾರ್ಗವಾಗಿ ಹೊರಟೆ. ಆ ದಾರಿಯ ಆಸುಪಾಸಿನಲ್ಲಿಯೇ ತಾಳಗುಂದ, ಬಳ್ಳಿಗಾವೆ. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ನೆಯ ಇಸವಿಯ ಶಾಸನವೊಂದು, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ದೂರದಿಂದ ಬಂದ ಸಂನ್ಯಾಸಿಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಈ ಸೀಮೆಯವರಿಗೆ ಊಟವೆಂದರೆ ಹಗುರವಾದ ವಿಷಯವಾಗಿರಲಿಲ್ಲ. ಇನ್ನು ಹಿಟ್ಟಿನ ಪಾಕವನ್ನು ಕಾವಿನಲ್ಲಿ ಬೇಯಿಸುವ ವಿದ್ಯೆಯನ್ನು ನಮಗೆ ಪರದೇಶದವರೇ ಕಲಿಸಿದರೆಂದು ತಿಳಿಯುವುದೂ ಪೂರ್ತಿ ಸರಿಯಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕಕ್ಕೆಂದೇ ಒಂದು ಅಧ್ಯಾಯವುಂಟು, ಬಗೆಬಗೆಯ ರೊಟ್ಟಿಗಳ, ಭಕ್ಷ್ಯಗಳ ವಿವರ ಅಲ್ಲಿದೆ. ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವ ಕ್ರಮ ಮಲೆನಾಡಿನ ಹಳೆಯ ಮನೆಗಳಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಸೌತೆಕಾಯಿಯ ಕಡುಬಿನ ಹಿಟ್ಟನ್ನು ಹಾಗೆ ಬೇಯಿಸಿದರೆ ಅದು ಕೇಕಿನ ಅಕ್ಕನೇ ಸರಿ.

ಸೊರಬಕ್ಕೆ ಬಂದಾಗ ಇಳಿಹೊತ್ತು. ಸ್ನೇಹಿತನು ಪೇಟೆಯಲ್ಲಿ ಕಾದಿದ್ದನು. ಕೇಕಿಗೆ ಮೊದಲೇ ಹೇಳಿಟ್ಟಿದ್ದನಂತೆ. ಅದನ್ನು ತರಲು ಇಬ್ಬರೂ ಬೇಕರಿಗೆ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ಪೇಸ್ಟ್ರಿಗಳು. ಮಾರಾಟದ ಹುಡುಗ ಹಳದಿ ಬಣ್ಣದ ಒಂದನ್ನು ತೋರಿಸಿ, ‘ಪೈನಾಪಲ್, ಎಲ್ಲರೂ ಇದನ್ನೇ ಕೇಳುತ್ತಾರೆ’ ಎಂದನು. ತಿಂದೆವು. ಮೆತ್ತಗಿತ್ತು, ಸಿಹಿಯಾಗಿತ್ತು, ಅನಾನಸಿನ ವಾಸನೆಯೂ ಇತ್ತು. ಆದರೆ ಅನಾನಸು ಇರಲಿಲ್ಲ. ಸೀಸೆಯ ಸತ್ತ್ವ, ಸೀಸೆಯ ಬಣ್ಣ, ಮೇಲೆ ಕೆಂಪಾದ ಒಂದು ಚೆರಿ.

ನನ್ನ ಸ್ನೇಹಿತನು ಚಮಚವನ್ನು ಕೆಳಗಿಟ್ಟನು. ಅವನು ಅನಾನಸು ಬೆಳೆಯುವವನು. ಸೊರಬದಿಂದ ಬನವಾಸಿಯವರೆಗಿನ ಆ ನೆಲ ಅನಾನಸಿಗೆ ಹೆಸರಾದದ್ದು. ದೆಹಲಿಯವರೆಗೆ ಅಲ್ಲಿಯ ಹಣ್ಣು ಹೋಗುತ್ತದೆ. ೨೦೨೦ರ ಲಾಕ್‌ಡೌನಿನಲ್ಲಿ ಲಾರಿಗಳು ನಿಂತಾಗ ಆ ಸೀಮೆಯ ಬೆಳೆಗಾರರು ಪಟ್ಟ ಪಾಡು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನನ್ನ ಸ್ನೇಹಿತನ ಹಣ್ಣಿನಲ್ಲಿ ಮುಕ್ಕಾಲು ಪಾಲು ಆ ವರ್ಷ ಗಿಡದಲ್ಲೇ ಕೊಳೆಯಿತು. ಅದಾದ ಮೇಲೂ ಬೆಲೆ ಒಂದು ವರ್ಷ ಏರಿದರೆ ಎರಡು ವರ್ಷ ಇಳಿಯುತ್ತದೆ. ಈ ವರ್ಷವೂ ಇಳಿದಿತ್ತು. ಗಿಡಗಳನ್ನು ಕಿತ್ತು ಅಡಕೆ ಹಾಕೆಂದು ಮಗನ ಒತ್ತಾಯ. ‘ನೋಡು, ನನ್ನ ಹಣ್ಣು ಮೂರು ಮೈಲಿಯಾಚೆ ಕೊಳೆಯುತ್ತದೆ, ಇಲ್ಲಿ ಅದರ ನೆರಳನ್ನು ದುಡ್ಡು ಕೊಟ್ಟು ತಿನ್ನುತ್ತಾರೆ’ ಎಂದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಬೇಕರಿಯ ಯಜಮಾನನನ್ನು ಕೇಳಿದೆ: ‘ಸ್ವಾಮಿ, ಊರ ಹಣ್ಣನ್ನೇ ಏಕೆ ಹಾಕಬಾರದು?’ ಆತನು ಸಂಭಾವಿತ. ‘ಹಾಕಿ ನೋಡಿದ್ದೇನೆ. ಕೆನೆ ನೀರಾಗುತ್ತದೆ, ಸಂಜೆಯ ಹೊತ್ತಿಗೆ ಕಹಿಯೂ ಆಗುತ್ತದೆ. ಹನ್ನೆರಡು ಕೇಕು ಎಸೆದೆ. ಸೀಸೆ ಮೋಸ ಮಾಡುವುದಿಲ್ಲ’ ಎಂದನು.

ಆತನು ಹೇಳಿದ್ದು ನಿಜ. ಹಸಿ ಅನಾನಸಿನಲ್ಲಿ ಬ್ರೋಮೆಲಿನ್ ಎಂಬ ಕಿಣ್ವವುಂಟು. ಹಾಲು, ಕೆನೆ, ಮಾಂಸಗಳಲ್ಲಿರುವ ಪ್ರೋಟೀನನ್ನು ಅದು ಕಡಿದು ಚೂರು ಮಾಡುತ್ತದೆ. ಹೆಚ್ಚು ಅನಾನಸು ತಿಂದರೆ ನಾಲಗೆ ಉರಿಯುವುದಕ್ಕೂ ಅದು ಒಂದು ಕಾರಣ. ಹಾಲಿನ ಪದಾರ್ಥ ಅದರ ಜೊತೆ ಸೇರಿದರೆ ಒಡೆಯುವುದು, ಕಹಿಯಾಗುವುದು ಇದರಿಂದಲೇ. ಆದರೆ ಈ ಕಿಣ್ವಕ್ಕೆ ಒಂದು ದೌರ್ಬಲ್ಯವುಂಟು: ಕುದಿಯುವ ಕಾವನ್ನು ಅದು ತಾಳಲಾರದು. ಹಣ್ಣನ್ನು ಹೆಚ್ಚಿ ಸಕ್ಕರೆಯೊಡನೆ ಸ್ವಲ್ಪ ಹೊತ್ತು ಕುದಿಸಿದರೆ ಅದರ ಶಕ್ತಿ ಅಡಗಿಹೋಗುತ್ತದೆ. ಡಬ್ಬಿಯ ಅನಾನಸು ಕೆನೆಯನ್ನು ಕೆಡಿಸದಿರುವುದು ಈ ಕಾರಣದಿಂದ. ಈ ರಸಾಯನಶಾಸ್ತ್ರ ತಿಳಿಯದ ನಮ್ಮ ತಾಯಂದಿರು ಅನಾನಸಿನ ಶಿರಾ ಮಾಡುವಾಗ ಮೊದಲು ಹಣ್ಣನ್ನು ಸಕ್ಕರೆಯಲ್ಲಿ ಬೇಯಿಸಿಕೊಂಡೇ ಮುಂದುವರಿಯುತ್ತಾರೆ. ಅನುಭವ ಶಾಸ್ತ್ರಕ್ಕಿಂತ ಮುಂಚೆ ಬಂದಿತ್ತು. ಅಡುಗೆಮನೆಯಿಂದ ಅಂಗಡಿಗೆ ಹೋಗುವ ದಾರಿ ಮಾತ್ರ ತಿಳಿದಿರಲಿಲ್ಲ.

ಮರುದಿನ ಬೆಳಗ್ಗೆ ಸ್ನೇಹಿತನ ಹೆಂಡತಿ ನಾಲ್ಕು ಹಣ್ಣು ಹೆಚ್ಚಿ, ಸಕ್ಕರೆ ಹಾಕಿ ಕುದಿಸಿ, ರಸವನ್ನು ಬೇರೆ ಬಸಿದು, ಆರಿಸಿ ಡಬ್ಬಿಯಲ್ಲಿ ಕೊಟ್ಟರು. ನಾವಿಬ್ಬರು ಮುದುಕರು ಅದನ್ನು ಹೊತ್ತುಕೊಂಡು ಮತ್ತೆ ಸೊರಬಕ್ಕೆ ಹೋದೆವು. ಯಜಮಾನನು ನಕ್ಕನು, ಆದರೆ ನಿರಾಕರಿಸಲಿಲ್ಲ. ಕೇಕಿನ ಪದರಕ್ಕೆ ಆ ರಸವನ್ನೇ ಚಿಮುಕಿಸಿ, ನಡುವೆ ಹಣ್ಣಿನ ಚೂರುಗಳನ್ನು ಹರಡಿ, ಮೇಲೆ ಕೆನೆ ಬಳಿದು ಹನ್ನೆರಡು ತುಂಡು ಮಾಡಿದನು. ಸಂಜೆಯವರೆಗೆ ಇಟ್ಟು ನೋಡಿದೆವು. ನೀರಾಗಲಿಲ್ಲ, ಕಹಿಯಾಗಲಿಲ್ಲ. ಬಣ್ಣ ಮಾತ್ರ ಸೀಸೆಯದರಷ್ಟು ಹೊಳೆಯಲಿಲ್ಲ. ಮನೆಯ ಮಕ್ಕಳಲ್ಲಿ ಒಬ್ಬಳು ‘ಇದರಲ್ಲಿ ನಾರು ಇದೆ’ ಎಂದು ಮುಖ ಕಿವುಚಿದಳು. ಉಳಿದವರು ತಟ್ಟೆ ನೆಕ್ಕಿದರು.

ಕಾಯುತ್ತಿದ್ದ ಆ ಹೊತ್ತಿನಲ್ಲಿ ನಾವು ಐಸ್‌ಕ್ರೀಮನ್ನೂ ಪರೀಕ್ಷಿಸಿದೆವೆಂದು ಬೇರೆ ಹೇಳಬೇಕಾಗಿಲ್ಲ. ಐಸ್‌ಕ್ರೀಮಿನ ಕಥೆ ವಿಚಿತ್ರವಾದದ್ದು. ೧೮೩೩ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಹೊರಟ ಸುಮಾರು ೧೮೦ ಟನ್ನು ಮಂಜುಗಡ್ಡೆಯಲ್ಲಿ ೧೦೦ ಟನ್ನಿನಷ್ಟು ಕರಗದೆ ಕಲ್ಕತ್ತೆಯನ್ನು ತಲುಪಿತು. ಹೊಟ್ಟಿನಲ್ಲಿ ಹೂತು ತಂದ ಆ ಗಡ್ಡೆಯೇ ಅಂದಿನ ಸಿರಿವಂತರ ತಂಪು. ಮಂಜುಗಡ್ಡೆಗೆ ಉಪ್ಪು ಬೆರಸಿದರೆ ಅದು ಕರಗುತ್ತ ಕರಗುತ್ತ ಸುತ್ತಲಿನ ಶಾಖವನ್ನು ಹೀರಿ, ಸೊನ್ನೆಗಿಂತ ೨೦ ಡಿಗ್ರಿಯಷ್ಟು ಕೆಳಕ್ಕೆ ಇಳಿಯಬಲ್ಲದು. ಆ ಮಿಶ್ರಣದ ನಡುವೆ ಹಾಲಿನ ಪಾತ್ರೆಯಿಟ್ಟು ಕೈಯಿಂದ ತಿರುಗಿಸಿದರೆ ಐಸ್‌ಕ್ರೀಮು. ನಾನ್ಸಿ ಜಾನ್ಸನ್ ಎಂಬ ಮಹಿಳೆ ೧೮೪೩ರಲ್ಲಿ ಇಂಥ ಕೈಯಂತ್ರಕ್ಕೆ ಹಕ್ಕುಪತ್ರ ಪಡೆದಳು. ಆದರೆ ಮಲೆನಾಡಿನ ಹಳ್ಳಿಗೆ ತಂಪು ಬಂದದ್ದು ವಿದ್ಯುತ್ತಿನ ಜೊತೆಯಲ್ಲಿ. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಸೊರಬದ ನೆರೆಯಲ್ಲೇ ಧುಮುಕುವ ಶರಾವತಿಯ ನೀರು ಬಿಸಿಲಿನ ಊರುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸುತ್ತದೆಂದರೆ ನಮ್ಮ ಹಿರಿಯರು ಪುರಾಣವೆಂದೇ ತಿಳಿಯುತ್ತಿದ್ದರು. ಕರಾವಳಿಯಲ್ಲಿ ೧೯೭೫ರಲ್ಲಿ ಪ್ರಭಾಕರ ಕಾಮತರು ಮಂಗಳೂರಿನಲ್ಲಿ ತೆರೆದ ಐಡಿಯಲ್ ಅಂಗಡಿಯ ಕೀರ್ತಿ ಘಟ್ಟದ ಮೇಲಕ್ಕೂ ಹತ್ತಿತು. ‘ಗಡ್‌ಬಡ್’ ಎಂಬ ಹೆಸರು ಈಗ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ.

ಐಸ್‌ಕ್ರೀಮಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಸರ್ಕಾರದ ಆಹಾರ ನಿಯಮದಂತೆ, ಬರಿಯ ‘ಐಸ್‌ಕ್ರೀಮ್’ ಎಂದು ಕರೆಸಿಕೊಳ್ಳಲು ನೂರಕ್ಕೆ ೧೦ ಪಾಲಾದರೂ ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿಗೆ ಬದಲಾಗಿ ಗಿಡದ ಎಣ್ಣೆಯ ಕೊಬ್ಬನ್ನು ಬಳಸಿದ್ದರೆ ಅದಕ್ಕೆ ‘ಫ್ರೋಜನ್ ಡೆಸರ್ಟ್’ ಎಂದು ಹೆಸರು. ಎರಡನೆಯದು ವಿಷವಲ್ಲ, ಆದರೆ ಒಂದರ ಬೆಲೆ ಕೊಟ್ಟು ಇನ್ನೊಂದನ್ನು ತಿನ್ನುವುದು ಜಾಣತನವಲ್ಲ. ಹೆಸರು ಚಿಕ್ಕ ಅಕ್ಷರಗಳಲ್ಲಿ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಬೇಕು. ಹಾಗೆಯೇ ಬ್ರೆಡ್ಡಿನ ಹಿಟ್ಟಿಗೆ ಸೇರಿಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಮ್ಮ ದೇಶದಲ್ಲಿ ೨೦೧೬ರಲ್ಲಿ ನಿಷೇಧಿಸಿದರು. ವನಸ್ಪತಿಯಲ್ಲಿ ಹೇರಳವಾಗಿದ್ದು ಹೃದಯಕ್ಕೆ ಕೇಡು ಮಾಡುವ ಟ್ರಾನ್ಸ್ ಕೊಬ್ಬಿಗೆ ೨೦೨೨ರ ಜನವರಿಯಿಂದ ನೂರಕ್ಕೆ ೨ ಪಾಲಿನ ಮಿತಿಯನ್ನು ಹಾಕಿದ್ದಾರೆ. ಪಫ್ಫಿನ ಗರಿಗರಿಯನ್ನು ಮೆಚ್ಚುವವರು ಒಳಗೆ ಬಳಸಿದ ಜಿಡ್ಡು ಯಾವುದೆಂದು ಅಂಗಡಿಯವನನ್ನು ಸಂಕೋಚವಿಲ್ಲದೆ ಕೇಳಬೇಕು. ನನ್ನ ಅಜ್ಜಿಯ ಪ್ರಶ್ನೆಯಲ್ಲಿ ‘ಯಾರು ನಾದಿದರು’ ಎಂಬ ಅರ್ಧವನ್ನು ನಾವು ಬಿಡೋಣ. ‘ಏನು ಹಾಕಿದರು’ ಎಂಬ ಅರ್ಧವನ್ನು ಉಳಿಸಿಕೊಳ್ಳೋಣ.

ಇನ್ನು ನನ್ನ ಸ್ನೇಹಿತನ ವಿಷಯ. ಹನ್ನೆರಡು ತುಂಡು ಪೇಸ್ಟ್ರಿಯಿಂದ ಅನಾನಸಿನ ಬೆಲೆ ಏರಲಿಲ್ಲ. ಬೇಕರಿಯ ಯಜಮಾನನು ತನ್ನ ಲೆಕ್ಕವನ್ನು ಬಿಚ್ಚಿ ಹೇಳಿದನು: ಹಣ್ಣು ಅಗ್ಗವೇ, ಸಿಪ್ಪೆ ತೆಗೆದು, ಕಣ್ಣು ಕಿತ್ತು, ಕುದಿಸಿ ಆರಿಸುವ ಆಳಿನ ಕೂಲಿ ಅಗ್ಗವಲ್ಲ. ಸೀಸೆಯ ಹತ್ತು ಹನಿ ಆ ಎಲ್ಲ ಕೆಲಸವನ್ನೂ ಉಳಿಸುತ್ತದೆ. ಆತನ ಮಾತಿನಲ್ಲಿ ನ್ಯಾಯವಿದೆ. ರಾತ್ರಿಯಿಡೀ ಒಲೆಯ ಮುಂದೆ ನಿಂತು ಬದುಕುವವನಿಗೆ ನಾವು ಬರಿಯ ಉಪದೇಶ ಮಾಡಿ ಎದ್ದು ಬರಬಾರದು. ಸ್ನೇಹಿತನ ಹೆಂಡತಿಯೇ ಆಗ ದಾರಿ ತೋರಿಸಿದರು. ‘ಕುದಿಸಿದ ಹಣ್ಣನ್ನು ನಾನೇ ಕೊಡುತ್ತೇನೆ, ಹಣ್ಣಿನ ಕಾಲದಲ್ಲಿ ವಾರಕ್ಕೆ ಎರಡು ಡಬ್ಬಿ. ತಾವು ಕೇಕಿಗೆ ಎರಡು ರೂಪಾಯಿ ಹೆಚ್ಚಿಗೆ ಹಿಡಿಯಿರಿ’ ಎಂದರು. ಆತನು ಕೊಂಚ ಯೋಚಿಸಿ, ಒಂದು ತಿಂಗಳ ಮಟ್ಟಿಗೆ ಒಪ್ಪಿದನು.

ಆ ತಿಂಗಳು ಕಳೆದು ಮಳೆ ಹಿಡಿದ ಮೇಲೆ ಸ್ನೇಹಿತನ ಫೋನು ಬಂದಿತು. ವಾರಕ್ಕೆ ಎರಡು ಡಬ್ಬಿ ಮೂರಾಗಿತ್ತಂತೆ. ದೊಡ್ಡ ಲಾಭವೇನೂ ಅಲ್ಲ. ಮೊಮ್ಮಗಳ ಶಾಲೆಯ ಪುಸ್ತಕಕ್ಕೆ ಆಯಿತೆಂದನು. ಮಗನು ಅರ್ಧ ಹೊಲಕ್ಕೆ ಅಡಕೆ ಸಸಿ ಹಾಕಿದ್ದಾನೆ. ಇನ್ನರ್ಧ ಅನಾನಸಿಗೇ ಉಳಿದಿದೆ. ಮುಂದಿನ ವರ್ಷದ ಮಾತನ್ನು ಮುಂದಿನ ವರ್ಷ ನೋಡಬೇಕು.

ಶ್ರೋತೃಗಳಲ್ಲಿ ನನ್ನದು ಒಂದೇ ಬಿನ್ನಹ. ನಮ್ಮ ಬೇಕರಿಗಳು ಪರದೇಶದ ವಿದ್ಯೆಯನ್ನು ಹಸಿಮೆಣಸು, ಕರಿಬೇವು, ಕೊಬ್ಬರಿಗಳಿಂದ ನಮ್ಮದಾಗಿಸಿಕೊಂಡವು. ಶಿಕಾರಿಪುರದ ಖಾರದ ಬಿಸ್ಕತ್ತು ರುಚಿಸಿದ್ದು ಅದು ಆ ಊರಿನ ಸಂತೆಯನ್ನು ಬಿಟ್ಟುಕೊಡದಿದ್ದುದರಿಂದ. ಆ ಕೆಲಸ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಸೊರಬದ ಅನಾನಸು, ಮಲೆನಾಡಿನ ಜೋನಿಬೆಲ್ಲ, ನಮ್ಮ ಬಯಲಿನ ರಾಗಿ ಇವೆಲ್ಲ ಆ ಒಲೆಯ ಬಾಗಿಲಲ್ಲಿ ಕಾದು ನಿಂತಿವೆ. ತಾವು ಇನ್ನೊಮ್ಮೆ ಬೇಕರಿಗೆ ಹೋದಾಗ, ಹಳದಿ ಬಣ್ಣದ ಪೇಸ್ಟ್ರಿಯನ್ನು ಕೊಳ್ಳುವ ಮುನ್ನ, ‘ಇದರಲ್ಲಿ ಹಣ್ಣು ಇದೆಯೆ?’ ಎಂದು ಒಂದು ಸಲ ಕೇಳಿ. ಇಲ್ಲವೆಂದರೆ ಜಗಳವಾಡಬೇಡಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಹಣ್ಣು ಸಿಕ್ಕೀತು.